ಮೊದಲ ಕಿರುಚಿತ್ರಕ್ಕೆ ಹಣ ಹೊಂದಿಸುವವರಿಗೆ

ಮೊದಲ ಕಿರುಚಿತ್ರಕ್ಕೂ ನಿರ್ಮಾಪಕರನ್ನೇ ಹುಡುಕಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ ‘ಲೂಸಿಯಾ’ ಪೂರ್ಣಪ್ರಮಾಣದ ಚಿತ್ರವಾಗಿದ್ದೂ ಜನರು ಹಾಕಿದ ಹಣದಿಂದಲೇ ತಯಾರಾಯಿತು. ಹಾಗಿರುವಾಗ ಹನ್ನೆರಡು ನಿಮಿಷದ ಚಿತ್ರಕ್ಕೆ ನಮ್ಮವರು ಕೈಜೋಡಿಸುವುದಿಲ್ಲವೇ? ನಾನು ಕೇಳಿದಾಗ ಚಿಕ್ಕಮ್ಮ ಸಾಸಿವೆ ಡಬ್ಬಿಯಿಂದ ನಾಲ್ಕಾಗಿ ಮಡಿಸಿದ ಐನೂರರ ನೋಟುಗಳನ್ನು ತೆಗೆದುಕೊಟ್ಟರು. ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆದರೆ ದಯವಿಟ್ಟು ಎಲ್ಲವನ್ನೂ ಕ್ಯಾಮೆರಾ ಬಾಡಿಗೆಗೆ ಸುರಿಯಬೇಡಿ. ನಾವು ಮಾಡಿದ ತಪ್ಪು ಅದೇ. ಚಿತ್ರೀಕರಣ ಮುಗಿಯುವಷ್ಟರಲ್ಲಿ ಕೈ ಬರಿದಾಗಿ, ಡಬ್ಬಿಂಗ್‌ಗೆ ಕಾಸಿಲ್ಲದೆ ಹಾರ್ಡ್ ಡಿಸ್ಕ್ ಐದು ತಿಂಗಳು ಬೀರುವಿನಲ್ಲೇ ಉಳಿಯಿತು. ಧ್ವನಿ ಕೆಲಸಕ್ಕೆ, ಚಿತ್ರೋತ್ಸವಗಳ ಪ್ರವೇಶ ಶುಲ್ಕಕ್ಕೆ ಮೊದಲೇ ಹಣ ತೆಗೆದಿಡಿ. ಊಟಕ್ಕೂ ಅಷ್ಟೇ, ಸಂಬಳವಿಲ್ಲದೆ ದುಡಿಯುವ ಗೆಳೆಯರಿಗೆ ಬಿಸಿ ಅನ್ನ ಸಾರನ್ನಾದರೂ ಬಡಿಸಬೇಕು.