ಮೈನಸ್ ಮೂರು ಅಂದರೆ ಬಲಕ್ಕೆ

ಮಗಳು ಮೊದಲ ಪಿಯುಸಿ. ನಾನು ಒಂದು ಕಾಲದಲ್ಲಿ ಗಣಿತದಲ್ಲಿ 100ಕ್ಕೆ 90 ತೆಗೆದವನು. ಇಂಥವರಿಬ್ಬರು ಒಂದೇ ಮೇಜಿಗೆ ಕೂರಬಾರದು.

ಅವತ್ತು ಚಿಕ್ಕಮಗಳೂರಿನಲ್ಲಿ ಜುಲೈ ತಿಂಗಳ ಜಡಿಮಳೆ. ಮುಳ್ಳಯ್ಯನಗಿರಿ ಮಂಜಿನೊಳಗೆ ಮಾಯ. ಮನೆಯಲ್ಲಿ ಉಳಿದಿದ್ದು ಒಂದೇ ಗ್ರಾಫ್ ಶೀಟು. ಬರೆಯಬೇಕಾದ ಲೆಕ್ಕ: ವೈ = (ಎಕ್ಸ್ − 3)² + 2.

"ಇದಕ್ಕೇನು ಮಹಾ" ಎಂದೆ. ಹೊಸ ಶರ್ಟಿನ ಪ್ಲಾಸ್ಟಿಕ್ ಕವರ್ ಕತ್ತರಿಸಿ, ಅದರ ಮೇಲೆ ವೈ = ಎಕ್ಸ್²ರ ಪರವಲಯ ಬರೆದೆ. 1ಕ್ಕೆ 1, 2ಕ್ಕೆ 4, 3ಕ್ಕೆ 9. ಒಳ್ಳೆ ಬೋಗುಣಿ. ಇನ್ನು ಅದನ್ನು ಸರಿಸಿದರೆ ಆಯಿತು. ಪ್ಲಸ್ ಎರಡು, ಮೇಲಕ್ಕೆ ಎರಡು ಮನೆ. ಮೈನಸ್ ಮೂರು ಅಲ್ವಾ, ಎಡಕ್ಕೆ ಮೂರು. ಪೆನ್ನಿನಲ್ಲೇ ಎಳೆದುಬಿಟ್ಟೆ.

"ಅಪ್ಪ, ನೀನು ಬೋಗುಣಿಯ ತಳ ಇಟ್ಟಿದ್ದೀಯಲ್ಲ, ಆ ಮೈನಸ್ ಮೂರನ್ನೇ ಎಕ್ಸ್‌ಗೆ ಹಾಕಿ ನೋಡು."

ಹಾಕಿದೆ. ಬ್ರಾಕೆಟ್ಟಿನೊಳಗೆ ಮೈನಸ್ ಆರು. ವರ್ಗ ಮಾಡಿದರೆ 36, ಎರಡು ಕೂಡಿದರೆ 38. ನನ್ನ ಗೆರೆ ಮಾತ್ರ ಸುಮ್ನೆ 2ರ ಮೇಲೆ ಕೂತಿತ್ತು.

ಕೊಡೆ ಹಿಡಿದು ಎಂ.ಜಿ. ರಸ್ತೆಗೆ ಹೋದೆ, ಗ್ರಾಫ್ ಶೀಟಿಗೆ. ಬರುವ ಬಸ್ಸು ಮೂರು ನಿಮಿಷ ತಡ. ಅಲ್ಲೇ ನಿಂತಾಗ ತಲೆಗೆ ಹೋಯಿತು. ಬಸ್ಸು ತಡವಾದರೆ ಬೋರ್ಡಿನ ಮೇಲಿನ ಹೊತ್ತು ಸಿಗಲು ನನ್ನ ವಾಚಿನಿಂದ ಮೂರು ಕಳೆಯಬೇಕು. ಕಳೆಯುವುದು ನಾನು, ಆದರೆ ಬಸ್ಸು ಬರುವುದು ಮುಂದಕ್ಕೆ. ಬೋಗುಣಿಯ ತಳವೂ ಹಾಗೇ, ಬ್ರಾಕೆಟ್ಟು ಸೊನ್ನೆಯಾಗುವ 3ಕ್ಕೇ ಬಂದು ಕೂರುತ್ತದೆ. ಪಕ್ಕದಲ್ಲಿ ನೆನೆಯುತ್ತಿದ್ದವರಿಗೆ ಇದನ್ನು ಹೇಳಲು ಹೋಗಲಿಲ್ಲ.

ಮನೆಗೆ ಬಂದು ಹೋದ ಮಾನ ವಾಪಸ್ ತರೋಣ ಅಂತ, ಹಿತ್ತಲ ಶೀಟಿನಡಿ ಜೋತುಬಿದ್ದಿದ್ದ ಬಟ್ಟೆ ಹಗ್ಗ ತೋರಿಸಿದೆ. "ನೋಡು ಪುಟ್ಟಿ, ಇದೂ ಪರವಲಯವೇ."

"ಅಲ್ಲ ಅಪ್ಪ. ಬರೀ ಹಗ್ಗ ತನ್ನ ಭಾರಕ್ಕೆ ಜೋತರೆ ಪರವಲಯ ಆಗಲ್ಲ ಅಂತ ಡಚ್ ವಿಜ್ಞಾನಿ ಹೈಗನ್ಸ್ 1646ರಲ್ಲೇ ತೋರಿಸಿದಾನೆ. ಆಗ ಅವನಿಗೆ 17 ವರ್ಷ."

ಇವಳಿಗೆ 16. ಇನ್ನೊಂದು ವರ್ಷದಲ್ಲಿ ನನ್ನ ಗತಿ ಏನು?

ಅಷ್ಟರಲ್ಲಿ ಒಳಗಿಂದ ಹೆಂಡತಿ ಬಂದಳು. "ರೀ, ಯಾವ ವಲಯವಾದರೂ ಆಗಲಿ, ನನ್ನ ಸೀರೆ ನೆಲಕ್ಕೆ ತಾಗುತ್ತಿದೆ. ಹಗ್ಗಾನ ಎರಡಡಿ ಮೇಲಕ್ಕೆ ಕಟ್ಟಿ."

ಪ್ಲಸ್ ಎರಡು. ತಕ್ಷಣ ಸ್ಟೂಲು ತಂದೆ.