ಬೆಕ್ಕಿನ ಕೂದಲಿನ ಮೀಸೆ
ಒಗಟು ಬಿಡಿಸುವ ಸಾಹಸದ ಕಂಪ್ಯೂಟರ್ ಆಟಗಳಿಗೆ ಕಥೆಯೇ ಜೀವಾಳ ಎನ್ನುವುದುಂಟು. ಒಪ್ಪಿದೆ, ಆದರೆ ಒಗಟೇ ಆ ಕಥೆಗೆ ಮಗ್ಗುಲ ಮುಳ್ಳಾಗುವುದೂ ಉಂಟು. 1999ರ ‘ಗೇಬ್ರಿಯಲ್ ನೈಟ್ 3’ ನೋಡಿ. ಬಾಡಿಗೆ ಮೋಟಾರ್‌ಬೈಕ್ ಪಡೆಯಲು ನಾಯಕ ಗೆಳೆಯನ ವೇಷ ಹಾಕಬೇಕು. ಅದಕ್ಕೆ ಬಾಗಿಲ ತೂತಿಗೆ ಟೇಪ್ ಅಂಟಿಸಿ, ಬೆಕ್ಕನ್ನು ಹೆದರಿಸಿ ಆ ತೂತಿನೊಳಗೆ ನುಗ್ಗಿಸಿ, ಟೇಪಿಗೆ ಹತ್ತಿದ ಕೂದಲಿನಿಂದ ಮೀಸೆ! ತಮಾಷೆಯೆಂದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ. ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಯಾರು ತಾನೇ ಊಹಿಸಿಯಾರು? ಅದೇ ಆಟದಲ್ಲಿ, ಕವಿತೆಯ ಸಾಲುಗಳ ಅರ್ಥ ಬಿಡಿಸುತ್ತ ಫ್ರಾನ್ಸಿನ ರೆನ್-ಲೆ-ಶಾಟೋ ಹಳ್ಳಿಯ ಸುತ್ತಲಿನ ನಕ್ಷೆಯ ಮೇಲೆ ವೃತ್ತ, ಚೌಕ ಎಳೆಯುವ ಒಗಟು ಮಾತ್ರ ಅಪ್ಪಟ ಚಿನ್ನ. ಅಲ್ಲಿ ಗೆರೆ ಸರಿಯಾಗಿ ಕೂತಾಗಲೆಲ್ಲ ಕಥೆಯೂ ಒಂದು ಹೆಜ್ಜೆ ಮುಂದಿಡುತ್ತದೆ.