ತೂಕಕ್ಕೆ ಹಾಕಿದ ನೆನಪು

ಹಳೆಯ ಆಸ್ಪತ್ರೆಗಳಿಗೆ ತಮ್ಮ ಇತಿಹಾಸದ ಬಗ್ಗೆ ಅಪಾರ ಅಭಿಮಾನವಿರುತ್ತದೆ. ಆ ಇತಿಹಾಸ ಅಮೃತಶಿಲೆಯ ಫಲಕದಲ್ಲಿರಬೇಕು, ಇಲ್ಲವೇ ಸಂಸ್ಥಾಪಕರ ತೈಲಚಿತ್ರದ ಚೌಕಟ್ಟಿನೊಳಗೆ ಕೂತಿರಬೇಕು ಎಂಬುದಷ್ಟೇ ಅವುಗಳ ಷರತ್ತು. ಕಾಗದದ ಮೇಲಿರುವ ಇತಿಹಾಸಕ್ಕೆ ನೆಲಮಾಳಿಗೆಯಲ್ಲಿ, ಕಾಲು ಮುರಿದ ಮಂಚಗಳ ಮತ್ತು ಸೋರುವ ಕೊಳವೆಗಳ ಸಹವಾಸದಲ್ಲಿ ಜಾಗ ಕೊಟ್ಟಿರುತ್ತಾರೆ. ಹೆರಿಗೆ ವಹಿ, ಶಸ್ತ್ರಚಿಕಿತ್ಸೆಯ ರಿಜಿಸ್ಟರು, ಶವಪರೀಕ್ಷೆಯ ವರದಿ, ಕೇಸ್ ಶೀಟುಗಳೆಲ್ಲ ಅಲ್ಲಿ ಒಂದರ ಮೇಲೊಂದು ಒಳರೋಗಿಗಳಾಗಿ ಮಲಗಿರುತ್ತವೆ. ಗೆದ್ದಲು ಒಂದು ದಿನವೂ ತಪ್ಪದೆ ರೌಂಡ್ಸ್ ಮಾಡುತ್ತದೆ. ಬಿಡುಗಡೆಯ ದಿನವನ್ನು ಮಾತ್ರ ವಿಲೇವಾರಿ ಸಮಿತಿ ನಿರ್ಧರಿಸುತ್ತದೆ.

ಸಮಿತಿಯ ತರ್ಕ ಸರಳವಾದುದು. ರೋಗಿ ಗುಣವಾಗಿದ್ದರೆ ಮನೆಗೆ ಹೋಗಿದ್ದಾನೆ, ಸತ್ತಿದ್ದರೆ ದೂರು ಕೊಡಲಾರ. ಎರಡೂ ಸಂದರ್ಭಗಳಲ್ಲಿ ಕಡತದಿಂದ ಯಾರಿಗೂ ಪ್ರಯೋಜನವಿಲ್ಲ. ಇಷ್ಟು ವರ್ಷ ಇಟ್ಟುಕೊಳ್ಳಿ ಎಂದು ನಿಯಮ ಹೇಳಿದ್ದನ್ನು ಮೊಕದ್ದಮೆಯ ಭಯಕ್ಕಾಗಿ ಪಾಲಿಸಲಾಗುತ್ತದೆ, ಆ ಅವಧಿ ಮುಗಿದ ಮರುದಿನ ಕಾಗದವು ಸಾಕ್ಷ್ಯದ ಹುದ್ದೆಯಿಂದ ರದ್ದಿಯ ಹುದ್ದೆಗೆ ಬಡ್ತಿ ಪಡೆಯುತ್ತದೆ.

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಗೆ ಇಂಥ ದಕ್ಷ ಸಮಿತಿಯ ಭಾಗ್ಯವಿರಲಿಲ್ಲ. ಇದ್ದಿದ್ದರೆ ಇಗ್ನಾಜ್ ಸೆಮೆಲ್‌ವೈಸ್ ಎಂಬ ವೈದ್ಯರು ವರ್ಷವರ್ಷದ ವಹಿಗಳನ್ನು ಕೆದಕಿ, 1846ರಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ಹೆರಿಗೆ ವಿಭಾಗದಲ್ಲಿ ಶೇಕಡಾ 11.4ರಷ್ಟು ತಾಯಂದಿರು ಸತ್ತಿದ್ದರು, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ಶೇಕಡಾ 2.8 ಮಾತ್ರ ಎಂಬ ಅಹಿತಕರ ಲೆಕ್ಕವನ್ನು ಮುಂದಿಡುತ್ತಿರಲಿಲ್ಲ. ಹೆಣ ಕೊಯ್ದ ಕೈಯನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆದ ಮೇಲೆಯೇ ಬಾಣಂತಿಯರನ್ನು ಮುಟ್ಟಿ ಎಂಬ ಕಿರಿಕಿರಿಯ ಆಜ್ಞೆಯೂ 1847ರಲ್ಲಿ ಹೊರಡುತ್ತಿರಲಿಲ್ಲ. ಅಂದಿನ ಹಿರಿಯ ವೈದ್ಯರಲ್ಲಿ ಅನೇಕರಿಗೆ ಆ ಸಲಹೆ ರುಚಿಸಲಿಲ್ಲ. ಇಂದಿನ ಆಡಳಿತಗಾರರು ಅವರಂತಲ್ಲ, ಸೆಮೆಲ್‌ವೈಸರ ಮಾತನ್ನು ಒಂದು ಹೆಜ್ಜೆ ಮುಂದೆಯೇ ಒಯ್ದಿದ್ದಾರೆ: ದಾಖಲೆಗಳಿಂದಲೇ ಕೈ ತೊಳೆದುಕೊಂಡಿದ್ದಾರೆ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಹುಟ್ಟಿದ ಕೂಸುಗಳನ್ನು ತೂಗಿ, ವರ್ಷ ತುಂಬಿದಾಗ ಮತ್ತೆ ತೂಗಿ, ವಹಿಗಳಲ್ಲಿ ಬರೆದಿಡುತ್ತಿದ್ದರು. ಮುದುಕರಾಗಿಬಿಟ್ಟ ಕೂಸುಗಳ ತೂಕ ಯಾರಿಗೆ ಬೇಕು ಎಂದು ನಮ್ಮ ಸಮಿತಿ ಖಂಡಿತವಾಗಿ ಕೇಳುತ್ತಿತ್ತು. ಆ ವಹಿಗಳು ಹೇಗೋ ಉಳಿದವು. ಅವುಗಳಲ್ಲಿದ್ದ 5,654 ಪುರುಷರ ಬದುಕನ್ನು ಬೆನ್ನುಹತ್ತಿದ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು, ಶೈಶವದಲ್ಲಿ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದು 1989ರಲ್ಲಿ ತೋರಿಸಿದರು. ಶಿಶುಗಳ ತೂಕವನ್ನು ನೋಡುವ ಬದಲು ವಹಿಗಳ ತೂಕವನ್ನು ನೋಡಿದ್ದರೆ ಲಾಭವಾದರೂ ಕೈಗೆ ಹತ್ತುತ್ತಿತ್ತು.

ಫ್ರಾಂಕ್‌ಫರ್ಟಿನ ಆಸ್ಪತ್ರೆಯದು ಇನ್ನೂ ಸೊಗಸಾದ ಕಥೆ. 1901ರಲ್ಲಿ ಅಲ್ಲಿಗೆ ಸೇರಿದ ಆಗಸ್ಟೆ ಡೀಟರ್ ಎಂಬ ಮಹಿಳೆಯನ್ನು ಆಲೋಯಿಸ್ ಆಲ್‌ಝೈಮರ್ ಮಾತನಾಡಿಸಿ, ಗಂಡನ ಹೆಸರು ಕೇಳಿದಾಗ ಆಕೆ ತನ್ನದೇ ಹೆಸರು ಹೇಳಿದ್ದನ್ನೂ ಬಿಡದೆ ಬರೆದಿಟ್ಟರು. ಮರೆವಿನ ಕಾಯಿಲೆಗೆ ಮುಂದೆ ಆ ವೈದ್ಯರ ಹೆಸರೇ ಬಂತು, ಕಡತ ಮಾತ್ರ ಎಲ್ಲಿದೆ ಎಂಬುದು ಎಲ್ಲರಿಗೂ ಮರೆತುಹೋಯಿತು. ಅದು ಆಸ್ಪತ್ರೆಯ ಹಳೆಯ ಕಡತಗಳ ನಡುವೆ ಪತ್ತೆಯಾದದ್ದು 1995ರಲ್ಲಿ. ಯಾರೋ ಅದನ್ನು ಎಸೆಯುವುದನ್ನು ಮರೆತಿದ್ದರು ಎಂದೇ ನನ್ನ ಊಹೆ.

ಹೀಗೆಂದು ನಮ್ಮ ಸಮಿತಿಗೆ ರೋಗಿಗಳ ಮೇಲೆ ಕಾಳಜಿಯಿಲ್ಲ ಎನ್ನುವಂತಿಲ್ಲ. ನೂರು ವರ್ಷಗಳ ಹಿಂದಿನ ಸಾಂಕ್ರಾಮಿಕ ರೋಗದ ವಾರ್ಡಿನ ವಹಿಯನ್ನು ನೋಡಬೇಕೆಂದು ಸಂಶೋಧಕಿಯೊಬ್ಬರು ಅರ್ಜಿ ಹಾಕಲಿ, ರೋಗಿಯ ಖಾಸಗಿತನ ಎಂಬ ಪವಿತ್ರ ಪದ ಆ ಕ್ಷಣವೇ ಎದ್ದು ನಿಲ್ಲುತ್ತದೆ. ಹೆಸರುಗಳನ್ನು ಮರೆಮಾಡಿ ಅಂಕಿಗಳನ್ನಷ್ಟೇ ಬರೆದುಕೊಳ್ಳುತ್ತೇನೆಂದರೂ ಆಗದು, ನೈತಿಕ ಸಮಿತಿಯ ಒಪ್ಪಿಗೆ ತಂದರೂ ಸಾಲದು. ಸತ್ತ ರೋಗಿಯ ಸಹಿಯುಳ್ಳ ಸಮ್ಮತಿ ಪತ್ರವನ್ನು ಲಗತ್ತಿಸಿದರೆ ಪರಿಶೀಲಿಸಲಾಗುವುದು ಎಂಬಲ್ಲಿಗೆ ಪತ್ರವ್ಯವಹಾರ ಬಂದು ನಿಲ್ಲುತ್ತದೆ. ಅದೇ ವಹಿ ಮುಂದಿನ ತಿಂಗಳು ಹೆಸರು, ವಿಳಾಸ, ರೋಗ ಸಮೇತ ರದ್ದಿಯವನ ತಕ್ಕಡಿ ಏರುತ್ತದೆ. ಅವನಿಂದ ಸಮ್ಮತಿ ಪತ್ರವನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅವನು ಓದುವುದಿಲ್ಲ.

ಡಿಜಿಟಲೀಕರಣ ಮಾಡಿದ್ದೇವಲ್ಲ ಎಂಬ ಉತ್ತರವೂ ಸಿದ್ಧವಿರುತ್ತದೆ. ಪುಟಗಳನ್ನು ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ಬರೀ ಸಂಖ್ಯೆಯನ್ನೇ ಹೆಸರಾಗಿಟ್ಟು, ಮೂಲವನ್ನು ನಾಶಪಡಿಸಿ, ಕೊನೆಗೆ ಆ ಕಡತಗಳನ್ನು ತೆರೆಯುವ ತಂತ್ರಾಂಶದ ಪರವಾನಗಿಯನ್ನು ನವೀಕರಿಸದೆ ಬಿಡುವುದಕ್ಕೆ ಆ ಹೆಸರು. ಉಷ್ಣಕಾಗದದ ಮೇಲೆ ಮೂಡಿದ ಇಸಿಜಿಗಳಿಗೆ ಈ ಶ್ರಮವೂ ಬೇಡ. ಅವು ತಾವಾಗಿಯೇ ಮಾಸಿ ಸಹಕರಿಸುತ್ತವೆ.

ಹಳೆಯ ಎಕ್ಸ್‌ರೇ ಫಿಲಂಗಳಿಗೆ ಮಾತ್ರ ಬೇಡಿಕೆ ಜಾಸ್ತಿ, ಏಕೆಂದರೆ ಅವುಗಳಲ್ಲಿ ಬೆಳ್ಳಿಯಿದೆ. ಆದ್ದರಿಂದ ಶತಮಾನೋತ್ಸವ ಸಮಿತಿಗೆ ನನ್ನದೊಂದು ನಮ್ರ ಸಲಹೆ: ಆ ಬೆಳ್ಳಿಯನ್ನು ಕರಗಿಸಿ ಸ್ಮಾರಕ ಪದಕಗಳನ್ನು ಮಾಡಿಸಬಹುದು. ಒಂದು ಬದಿಯಲ್ಲಿ ಸಂಸ್ಥಾಪಕರ ಮುಖವಿರಲಿ. ಇನ್ನೊಂದು ಬದಿಯಲ್ಲಿ ಸ್ಥಾಪನೆಯ ವರ್ಷವನ್ನು ಕೆತ್ತಿಸಬೇಕಾಗಿತ್ತು, ಆದರೆ ಅದನ್ನು ಬರೆದಿದ್ದ ವಹಿ ಕಳೆದ ಟೆಂಡರಿನಲ್ಲೇ ಹೋಗಿರುವುದರಿಂದ ಅಲ್ಲಿ ಪ್ರಾಯೋಜಕರ ಲಾಂಛನವನ್ನು ಹಾಕಿಸಬಹುದು.